ಇಳಿತದ ಹೊತ್ತು

ಆ ಹೊಳೆಯ ಹೆಸರು ನನ್ನ ಬಾಯಿಗೆ ಬರಲಿಲ್ಲ.
ಮೊದಲಕ್ಷರವೇ ಒಂದು ಲೊಟಕೆ:
ನಾಲಗೆ ಅಂಗುಳಕ್ಕೆ ಅಂಟಿ, ಪಟ್ಟನೆ ಕಿತ್ತು ಬರಬೇಕು.
ನಾಲ್ಕು ಸಲ ತೊದಲಿದೆ. ದೋಣಿಯ ಸೊಂಗೆಜೊ
ಹುಟ್ಟು ನಿಲ್ಲಿಸಿ ನಕ್ಕ.
“ಬಿಡಿ, ಹೆಸರು ಬಾರದವರನ್ನೂ ದಾಟಿಸುತ್ತದೆ.”

ಆಚೆ ದಡದಲ್ಲಿ ಹಸುಗಳು.
ಬರೀ ಮರಳ ಮೇಲೆ, ಅಲೆಗೆ ಹತ್ತು ಮಾರು ದೂರ,
ಕಂದು, ಬಿಳಿ, ಬೂದಿ ಚುಕ್ಕೆಯವು,
ಮದುವೆಗೆ ಎರಡು ಗಂಟೆ ಮೊದಲೇ ಬಂದ ನೆಂಟರ ಹಾಗೆ
ಕಾಲು ಮಡಿಸಿ, ಮೆಲುಕು ಹಾಕುತ್ತ,
ಕಡಲ ಕಡೆ ಮುಖ ಮಾಡಿ ಕೂತಿದ್ದವು.
ಹುಲ್ಲಿಲ್ಲ, ನೆರಳಿಲ್ಲ. ಯಾಕೆ ಬರುತ್ತವೆ?
ಉಣ್ಣಿ ಕಾಟ, ನೊಣದ ಕಾಟ, ಅಂದ ಸೊಂಗೆಜೊ.
ನಾಲ್ಕು ಹುಟ್ಟು ಹಾಕಿ, ಮತ್ತೆ ಅಂದ:
ಇಲ್ಲ, ಸುಮ್ಮನೆ.

ನಾನು ಬಂದದ್ದು ತಿಮಿಂಗಿಲಕ್ಕೆ.
ಜುಲೈಯ ಚಳಿಯಲ್ಲಿ ಈ ದಾರಿಯಾಗಿಯೇ
ಬೆಚ್ಚನೆ ನೀರು ಹುಡುಕಿ ಹೋಗುತ್ತವೆಂದು ಕೇಳಿ.
ಎರಡು ದಿನ ಲಾಡ್ಜಿನ ಜಗಲಿಯಲ್ಲಿ ಬಾಡಿಗೆ ದುರ್ಬೀನು.
ಗ್ಯಾನೆಟ್ ಹಕ್ಕಿಗಳು ಆಕಾಶದಿಂದ
ಮೊಳೆ ಹೊಡೆದ ಹಾಗೆ ನೀರಿಗೆ ಬಿದ್ದವು,
ಡಾಲ್ಫಿನ್ನುಗಳ ಬೆನ್ನು ಹೊಲಿಗೆ ಹಾಕುತ್ತ ಹೋಯಿತು,
ನೀರುನಾಯಿಯೊಂದು ಏಡಿ ಕಡಿದು, ಕಾಲು ಬಿಟ್ಟು ಹೋಯಿತು.
ತಿಮಿಂಗಿಲ ಬರಲಿಲ್ಲ.
ರಾತ್ರಿ ಆರು ಚಿಪ್ಪಿಗೆ ಬೆಣ್ಣೆ, ಬೆಳ್ಳುಳ್ಳಿ ಸುರಿದು
ಬಿಳಿ ತಟ್ಟೆಯಲ್ಲಿ ಕೊಟ್ಟರು. ಬಿಲ್ಲನ್ನೂ.

ಮೂರನೆಯ ಬೆಳಗಿನ ಜಾವ ಮಾಂಪಿಂಗಾ ಕರೆದಳು.
ಹಿಂದಿನ ರಾತ್ರಿ ಹುಣ್ಣಿಮೆ. ಕಡಲು ತುಂಬ ದೂರ ಸರಿದು
ಬಂಡೆಗಳ ಕಪ್ಪು ಬೆನ್ನು ಬಿಟ್ಟುಕೊಟ್ಟಿತ್ತು.
ಅವಳ ಕೈಯಲ್ಲಿ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ,
ತುದಿ ತಟ್ಟಿ ತೆಳು ಮಾಡಿದ್ದು.
ಸೊಂಟಕ್ಕೆ ಈರುಳ್ಳಿಯ ಕಿತ್ತಳೆ ಬಲೆಚೀಲ.
ಲಂಗ ಎತ್ತಿ ಸಿಕ್ಕಿಸಿ, ಅಲೆಗೆ ಒಮ್ಮೆಯೂ ಬೆನ್ನು ಕೊಡದೆ
ಅಡ್ಡಡ್ಡ ನಡೆದಳು,
ಏಡಿಗೆ ನಡಿಗೆ ಕಲಿಸಿದವಳು ತಾನೇ ಎಂಬಂತೆ.

ಇಂಬಾಜಾ, ಅಂದಳು.
ಕಂದುಚಿಪ್ಪು, ನಮ್ಮ ಪಚ್ಚಿಲೆಯ ದಾಯಾದಿ,
ಒಂದರ ಮೈಗೊಂದು ಒತ್ತಿ
ಗಡ್ಡದಲ್ಲೇ ಕಲ್ಲು ಹಿಡಿದಿತ್ತು.
ಪಟ್ಟಿಯನ್ನು ಸಂದಿಗಿಟ್ಟು ತಿರುವಿದಳು:
ಟಕ್.
ಅರೆ, ಅದೇ ಸದ್ದು!
ಹೊಳೆಯ ಹೆಸರಿನ ಮೊದಲಕ್ಷರ
ಬಂಡೆಯಿಂದ ಕಿತ್ತು ಅವಳ ಅಂಗೈಗೆ ಬಿತ್ತು.

ಪ್ರತಿಯೊಂದನ್ನೂ ಹೆಬ್ಬೆರಳಿಗೆ ಅಳೆದು ನೋಡುವಳು.
ಗೊಂಚಲ ನಡುವೆ ಮಾತ್ರ ಆರಿಸುವಳು, ಅಂಚು ಮುಟ್ಟಳು.
“ಆ ಬಂಡೆ ನೋಡು, ನಮ್ಮತ್ತೆ ಕೆರೆದದ್ದು,
ಮೂವರು ಮಕ್ಕಳು, ಗಂಡ ಗಣಿಯಲ್ಲಿ, ಹಣ ಬಂದಿರಲಿಲ್ಲ.
ಏಳು ವರ್ಷ ಬೋಳಾಗಿತ್ತು.”
ಬೈದಂತಿರಲಿಲ್ಲ. ಅತ್ತೆಯ ಸೀರುಗತ್ತಿ ಚೆನ್ನಾಗಿತ್ತು ಎಂದೂ ಸೇರಿಸಿದಳು.
ಲಾಡ್ಜಿನವರು ಡಜನ್ನಿಗೆ ಎಷ್ಟು ಕೊಡುತ್ತಾರೆಂದು ಕೇಳಿದೆ.
ಹೇಳಿದಳು.
ನನ್ನ ಆರು ಚಿಪ್ಪಿನ ಲೆಕ್ಕ ನಾನು ಹೇಳಲಿಲ್ಲ.

ನನಗೂ ಪಟ್ಟಿ ಕೊಟ್ಟಳು.
ಒಂದು ಗಂಟೆಯಲ್ಲಿ ಹನ್ನೊಂದು ಕಿತ್ತೆ,
ಮೂರು ಒಡೆದೆ, ಒಂದು ಬೆರಳು ಕೊಯ್ದುಕೊಂಡೆ,
ತಲೆ ಎತ್ತಲಿಲ್ಲ.

ಸಂಜೆ ಮೂರು ಕಾಲಿನ ಕಬ್ಬಿಣದ ಗಡಿಗೆ.
ಬೆಣ್ಣೆಯಿಲ್ಲ. ಚಿಪ್ಪುಗಳು ತಮ್ಮದೇ ನೀರಲ್ಲಿ ಬೆಂದು
ಬಾಯಿ ಬಿಟ್ಟವು; ಜೊತೆಗೆ ಜೋಳ, ಹುರುಳಿಕಾಯಿ ಬೀಜ.
ಹಲ್ಲಿಗೆ ಮರಳು ಸಿಕ್ಕಿತು. ಮೊಮ್ಮಗಳು ಸಿಪೊಕಾಜಿ
ಲೆಕ್ಕದ ಪುಸ್ತಕದಿಂದ ಕಣ್ಣೆತ್ತದೆ
“ಉಗಿಯಬಹುದು” ಅಂದಳು.
ಗುಡಿಸಲ ಹಿಂದೆ ಎದೆಮಟ್ಟ ಚಿಪ್ಪಿನ ರಾಶಿ;
ನನ್ನವನ್ನೂ ಅದರ ಮೇಲೆ ಚೆಲ್ಲಿ ಬಂದೆ,
ನಾಯಿ ಮೂಸಿ ನೋಡಿ, ಒಪ್ಪದೆ ಹೋಯಿತು.

ಕೈ ಒರೆಸಿಕೊಳ್ಳುತ್ತ ಮಾಂಪಿಂಗಾ ಅಂದಳು:
“ಬೆಳಿಗ್ಗೆ ನಿನ್ನ ತಿಮಿಂಗಿಲ ಬಂದಿತ್ತು.
ನಿನ್ನ ಬೆನ್ನ ಹಿಂದೆಯೇ. ಮರಿ ಕೂಡ ಇತ್ತು.
ಎರಡು ಸಲ ಉಸಿರು ಬಿಟ್ಟಿತು.”

ಆಗಲೇ ಹೇಳಬಾರದಿತ್ತೆ!

“ಪಾಚಿಯ ಮೇಲೆ ನಿಂತಿದ್ದೆ.
ಹೇಳಿದ್ದರೆ ತಿರುಗುತ್ತಿದ್ದೆ,
ತಿರುಗಿದ್ದರೆ ಜಾರುತ್ತಿದ್ದೆ.”
ಗಡಿಗೆಯ ತಳ ಕೆರೆದು ನನ್ನ ತಟ್ಟೆಗೆ ಹಾಕಿದಳು.
“ನಾಳೆ ಇಳಿತ ಮುಕ್ಕಾಲು ಗಂಟೆ ತಡ.
ಆ ಬೂಟು ಬೇಡ. ಬರಿಗಾಲಲ್ಲಿ ಬಾ.”